ಮದುವೆಯ ಬೆಂಕಿ, ಕಬ್ಬಿಣದ ಮಂಟಪ: ಮೈಸೂರು ಅರಮನೆಯ ಮರ ಎಲ್ಲಿಗೆ ಹೋಯಿತು?

ಅರಮನೆಯ ಕಲ್ಯಾಣ ಮಂಟಪದ ಅಡ್ಡಹಗ್ಗದ ಪಕ್ಕ ನಿಂತು ನಮ್ಮ ಬೀದಿಯ ಆಚಾರ್ರು ಕಂಬವನ್ನೇ ನೋಡುತ್ತಿದ್ದರು. ವಯಸ್ಸು ಎಪ್ಪತ್ತು ದಾಟಿದೆ. ಬಾಗಿಲವಾಡ, ತೊಟ್ಟಿಲು, ದೇವರ ಮಂಟಪ ಮಾಡಿಕೊಂಡೇ ಜೀವನ ಸಾಗಿಸಿದ ಬಡಗಿ. ಮೈಸೂರಿನಲ್ಲೇ ಹುಟ್ಟಿ ಬೆಳೆದರೂ ಅರಮನೆಯ ಒಳಗೆ ಕಾಲಿಟ್ಟು ನಲವತ್ತು ವರ್ಷವಾಗಿತ್ತಂತೆ. ಹಿಂದಿನಿಂದ ಶಾಲೆ ಮಕ್ಕಳ ಸಾಲು ಒತ್ತಿಕೊಂಡು ಬರುತ್ತಿತ್ತು, ಇವರು ಕದಲಲಿಲ್ಲ.

"ಆಚಾರ್ರೇ, ಕೆತ್ತನೆ ಹೇಗಿದೆ?" ಅಂದೆ.

"ಕೆತ್ತನೆ ಎಲ್ಲಿದೆಯಪ್ಪಾ? ಆ ಎಲೆ ನೋಡು. ಈಗ ಅದರ ಜೋಡೀದು ನೋಡು. ಒಂದು ಕೂದಲೆಳೆ ಆಚೆ ಈಚೆ ಇಲ್ಲ. ಉಳೀಲಿ ಹೊಡೆದ್ರೆ ಹಂಗೆ ಬರಕ್ಕಿಲ್ಲ. ಇದು ಎರಕ."

ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ಇದನ್ನ ಮೊದ್ಲು ಮರದಲ್ಲಿ ಮಾಡಿರ್ತಾನೆ ಒಬ್ಬ. ಮರದ ಅಚ್ಚು ಇಲ್ದೆ ಎರಕ ಹೊಯ್ಯೋದು ಹೆಂಗೆ?" ಅಂದರು.

ಅರಮನೆಯ ಬಗ್ಗೆ ಎಷ್ಟೋ ಓದಿದ್ದ ನನಗೆ ಈ ಮಾತು ಹೊಸದು. ಅಂದಿನಿಂದ ನಾನು ಮೈಸೂರು ಅರಮನೆಯನ್ನು, ಅಂದರೆ ಅಂಬಾವಿಲಾಸ ಅರಮನೆಯನ್ನು, ನೋಡುವ ಬಗೆಯೇ ಬದಲಾಯಿತು. ಮರದ ಅರಮನೆಯೊಂದು ಸುಟ್ಟುಹೋದ ಮೇಲೆ ಎದ್ದ ಕಟ್ಟಡ ಇದು. ಅಂದಮೇಲೆ ಇಲ್ಲಿ ಮರ ಎಲ್ಲಿ ಹೋಯಿತು, ಎಲ್ಲಿ ಉಳಿಯಿತು, ಎಲ್ಲಿ ವಾಪಸ್ಸು ಬಂತು ಎಂದು ಹುಡುಕಿಕೊಂಡು ಹೊರಟರೆ ಕಟ್ಟಡದ ಒಂದೊಂದು ತೀರ್ಮಾನವೂ ಬಿಡಿಸಿಕೊಳ್ಳುತ್ತಾ ಹೋಗುತ್ತದೆ. ಈ ಬರಹ ಆ ಹುಡುಕಾಟದ ವರದಿ.

1897ರ ಫೆಬ್ರವರಿ

ಸುಟ್ಟುಹೋದ ಅರಮನೆಗೆ ಆಗ ಸುಮಾರು 94 ವರ್ಷ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ರಾಜಧಾನಿ ಶ್ರೀರಂಗಪಟ್ಟಣದಿಂದ ಮೈಸೂರಿಗೆ ಬಂತು. ಅರಸನಿಗೆ ಅರಮನೆ ತುರ್ತಾಗಿ ಬೇಕಾಗಿತ್ತು. 1803ರ ಹೊತ್ತಿಗೆ ಎದ್ದು ನಿಂತ ಆ ಮನೆ ಅವಸರದ ಕಟ್ಟಡ. ಆದರೆ ನಮ್ಮ ಸೀಮೆಯ ಮನೆ ಕಟ್ಟುವ ಪದ್ಧತಿಯನ್ನೇ ದೊಡ್ಡದು ಮಾಡಿ ಕಟ್ಟಿದ್ದು: ನಡುವೆ ತೊಟ್ಟಿ ಎಂಬ ತೆರೆದ ಅಂಗಳ, ಸುತ್ತ ಪಡಸಾಲೆ, ಮರದ ಕಂಬ, ಕಂಬದ ತಲೆಯ ಬೋದಿಗೆ, ತೊಲೆ, ಜಂತೆ, ಹಲಗೆಯ ಸೂರು. ಮುಂಭಾಗದಲ್ಲಿ ನಾಲ್ಕು ಭಾರಿ ಮರದ ಕಂಬಗಳು, ಮೈತುಂಬ ಕೆತ್ತನೆ. ಆ ಕಂಬಗಳ ಮೇಲೆ ನಿಂತ ತೆರೆದ ಸಜ್ಜೆಯಲ್ಲಿ ಅರಸರು ದಸರೆಯಲ್ಲಿ ಸಿಂಹಾಸನದ ಮೇಲೆ ಕೂತು ಪ್ರಜೆಗಳಿಗೆ ದರ್ಶನ ಕೊಡುತ್ತಿದ್ದರು. ಮಹಡಿಯ ಮೇಲೆ ಅಂಬಾವಿಲಾಸ ಎಂಬ ಹಜಾರ. ಯುರೋಪಿಯನ್ ಅತಿಥಿಗಳನ್ನು ಬರಮಾಡಿಕೊಳ್ಳುತ್ತಿದ್ದದ್ದು, ದಿನದ ರಾಜಕಾರಣ ನಡೆಯುತ್ತಿದ್ದದ್ದು ಅಲ್ಲೇ. 65 ಅಡಿ ಚೌಕದ ಕೋಣೆ, ಎತ್ತರ ಮಾತ್ರ ಬರೀ 10 ಅಡಿ, ನಡುವೆ ಒಂದಿಷ್ಟು ಭಾಗ ಮೇಲಕ್ಕೆ ಎತ್ತಿದ ಸೂರು. ಕೆಲವು ಬಾಗಿಲುಗಳಿಗೆ ದಂತದ ಹೊದಿಕೆ, ಕೆಲವಕ್ಕೆ ಬೆಳ್ಳಿಯದು.

ಆ ಅಳತೆಯನ್ನು ಒಂದು ಕ್ಷಣ ಮನಸ್ಸಿನಲ್ಲಿಟ್ಟುಕೊಳ್ಳಿ. 65 ಅಡಿ ಅಗಲದ ಹಜಾರಕ್ಕೆ ಹತ್ತೇ ಅಡಿ ಎತ್ತರ ಎಂದರೆ ಅದು ಮರದ ಮನೆಯ ಲೆಕ್ಕ. ತೊಲೆಯ ಉದ್ದ ಮರದ ಉದ್ದವನ್ನು ಮೀರುವ ಹಾಗಿಲ್ಲ. ಆದ್ದರಿಂದ ನಡುನಡುವೆ ಕಂಬ ಬೇಕು, ಸೂರು ತಗ್ಗಬೇಕು. ಒಳಗೆ ತಂಪು, ನಸುಗತ್ತಲು, ದೀಪದ ಬೆಳಕು. ಮೈಸೂರು, ಮಂಡ್ಯ ಕಡೆಯ ಹಳೆಯ ತೊಟ್ಟಿ ಮನೆಯಲ್ಲಿ ಬೇಸಿಗೆಯ ಮಧ್ಯಾಹ್ನ ಕಳೆದವರಿಗೆ ಆ ಹಿತ ಗೊತ್ತು.

1894ರ ಡಿಸೆಂಬರಿನಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡರು. ಮಗ ಕೃಷ್ಣರಾಜ ಚಿಕ್ಕವರು. ವಾಣಿವಿಲಾಸ ಸನ್ನಿಧಾನ ಎಂದು ಕರೆಸಿಕೊಂಡ ರಾಣಿ ಕೆಂಪನಂಜಮ್ಮಣ್ಣಿ ರಾಜಪ್ರತಿನಿಧಿಯಾಗಿ ರಾಜ್ಯ ನೋಡಿಕೊಂಡರು. 1897ರಲ್ಲಿ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರ ಮದುವೆ. ವರ ಕಾಂತರಾಜೇ ಅರಸ್, ರಾಣಿಯ ಸ್ವಂತ ತಮ್ಮ, ಹುಡುಗಿಗೆ ಸೋದರಮಾವ. ಆ ಮದುವೆಯ ಸಂಭ್ರಮದ ನಡುವೆ, ಫೆಬ್ರವರಿಯ ಕೊನೆಯಲ್ಲಿ, ಅರಮನೆಗೆ ಬೆಂಕಿ ಬಿತ್ತು.

ಮರದ ತೊಟ್ಟಿ ಮನೆಗೆ ಬೆಂಕಿ ಬಿದ್ದರೆ ಏನಾಗುತ್ತದೆ ಎನ್ನುವುದನ್ನು ಬಲ್ಲವರು ಹೇಳುತ್ತಾರೆ. ದಪ್ಪ ತೊಲೆ ತಟ್ಟನೆ ಉರಿಯುವುದಿಲ್ಲ. ಹೊರಮೈ ಇದ್ದಲಾಗಿ, ಆ ಇದ್ದಲೇ ಒಳಗಿನ ತಿರುಳನ್ನು ಸ್ವಲ್ಪ ಹೊತ್ತು ಕಾಯುತ್ತದೆ. ಮೊದಲು ಹೋಗುವುದು ತೆಳು ಹಲಗೆ, ರೀಪು, ಪರದೆ, ಚಾಪೆ. ತೆರೆದ ತೊಟ್ಟಿ ಬೆಂಕಿಗೆ ಗಾಳಿ ಊದುವ ಕೊಳವೆಯಾಗುತ್ತದೆ. ಮನೆಗೆ ಗಾಳಿ ಬೆಳಕು ತಂದುಕೊಡುವ ಅದೇ ತೊಟ್ಟಿ ಅಂಥ ದಿನ ಚಿಮಣಿಯಾಗುತ್ತದೆ.

ಏನನ್ನು ಉಳಿಸಿಕೊಳ್ಳಬೇಕು?

ಈಗ ರಾಣಿಯ ಮುಂದಿದ್ದ ಪರಿಸ್ಥಿತಿ ನೋಡಿ. ಗಂಡ ತೀರಿಕೊಂಡು ಎರಡೇ ವರ್ಷ. ಮಗನಿಗೆ ಹನ್ನೆರಡು. ಮಗಳ ಮದುವೆಯ ಮನೆ ಬೂದಿ. ಸಂಸಾರ ಜಗನ್ಮೋಹನ ಅರಮನೆಗೆ ಸರಿಯಿತು. 1861ರ ಆ ಅರಮನೆಯಲ್ಲೇ ಮುಂದೆ 1900ರಲ್ಲಿ ಕೃಷ್ಣರಾಜರ ಮದುವೆಯೂ 1902ರಲ್ಲಿ ಅಧಿಕಾರ ಸ್ವೀಕಾರವೂ ನಡೆದವು. ಆದರೆ ಹೊಸ ಅರಮನೆಯ ಕೆಲಸ ಅಷ್ಟು ದಿನ ಕಾಯಲಿಲ್ಲ. ಬೆಂಕಿ ಬಿದ್ದ ಅದೇ ವರ್ಷದ ಅಕ್ಟೋಬರಿನಲ್ಲಿ ಶುರುವಾಯಿತು. ಮುಗಿದದ್ದು 1912ರಲ್ಲಿ. ತಗುಲಿದ ಖರ್ಚು 41,47,913 ರೂಪಾಯಿ.

ನಕ್ಷೆ ಮಾಡಿಕೊಟ್ಟವರು ಹೆನ್ರಿ ಇರ್ವಿನ್. ಶಿಮ್ಲಾದ ವೈಸ್‌ರಾಯ್ ನಿವಾಸ ಅವರದೇ, ಮದರಾಸಿನ ಹೈಕೋರ್ಟ್ ಕಟ್ಟಡದಲ್ಲಿ ಅವರ ಕೈಯಿದೆ. ಸ್ಥಳದಲ್ಲಿ ನಿಂತು ಕೆಲಸ ಮಾಡಿಸಿದ ಎಂಜಿನಿಯರ್ ಬಿ.ಪಿ. ರಾಘವುಲು ನಾಯ್ಡು. ಇರ್ವಿನ್ ಹೆಸರು ಎಲ್ಲರ ಬಾಯಲ್ಲಿದೆ, ನಾಯ್ಡು ಹೆಸರು ಹೇಳುವವರು ಕಡಿಮೆ. ಇಷ್ಟು ಬಗೆಯ ಕೈಗಳನ್ನು, ಎಲ್ಲೆಲ್ಲಿಂದಲೋ ಬಂದ ಸಾಮಾನನ್ನು ಒಂದೇ ಗೋಡೆಯೊಳಗೆ ಕೂರಿಸುವುದು ನಕ್ಷೆ ಬರೆಯುವುದಕ್ಕಿಂತ ಸಣ್ಣ ಕೆಲಸವಲ್ಲ.

ನನಗೆ ಮುಖ್ಯವಾಗಿ ಕಾಣುವುದು ಹೊಸ ಅರಮನೆ ಹಳೆಯದರಿಂದ ಏನನ್ನು ಇಟ್ಟುಕೊಂಡಿತು ಎನ್ನುವುದು. ಜಾಗ ಅದೇ. ಹೆಸರುಗಳು ಅವೇ: ಅಂಬಾವಿಲಾಸ ಅಂಬಾವಿಲಾಸವಾಗಿಯೇ ಉಳಿಯಿತು, ಸಜ್ಜೆ ಸಜ್ಜೆಯಾಗಿಯೇ. ನಡುವಿನ ತೊಟ್ಟಿ ಉಳಿಯಿತು. ಅರಮನೆಗೆ ಪೂರ್ವದ ಮೋರೆ, ಅರಸರು ಮುಂದಿನ ಬಯಲಿನ ಕಡೆ ಮುಖಮಾಡಿ ಕೂರುವ ಏರ್ಪಾಡೂ ಉಳಿಯಿತು. ಅಂದರೆ ಮನೆಯ ನಡವಳಿಕೆ ಬದಲಾಗಲಿಲ್ಲ. ದಸರೆಗೆ ಎಲ್ಲಿ ಕೂರಬೇಕು, ಪೂಜೆ ಎಲ್ಲಾಗಬೇಕು, ಹೆಂಗಸರು ಎಲ್ಲಿಂದ ನೋಡಬೇಕು, ಎಲ್ಲವೂ ಮೊದಲಿನ ಹಾಗೆಯೇ. ಬದಲಾದದ್ದು ಭಾರ ಹೊರುವ ವಸ್ತು. ಬೂದುಬಣ್ಣದ ಗ್ರಾನೈಟ್, ಇಟ್ಟಿಗೆ, ಕಬ್ಬಿಣ, ಕೆಂಗುಲಾಬಿ ಗುಮ್ಮಟ. 245 ಅಡಿ ಉದ್ದ, 156 ಅಡಿ ಅಗಲದ ಮೂರಂತಸ್ತಿನ ಕಟ್ಟಡ, ನೆಲದಿಂದ ಚಿನ್ನದ ಕಳಶದ ತುದಿಗೆ 145 ಅಡಿ. ಭಾರ ಹೊರುವ ಕೆಲಸದಿಂದ ಮರಕ್ಕೆ ಬಿಡುಗಡೆಯಾಯಿತು.

ಎರಕದ ಕಂಬ

ಇದು ಹೆಚ್ಚು ಸ್ಪಷ್ಟವಾಗಿ ಕಾಣುವುದು ಕಲ್ಯಾಣ ಮಂಟಪದಲ್ಲಿ. ಮದುವೆಯಲ್ಲಿ ಸುಟ್ಟ ಮನೆಯ ಜಾಗದಲ್ಲಿ ಎದ್ದ ಹೊಸ ಮನೆಯ ಮದುವೆ ಮಂಟಪವೇ ಕಬ್ಬಿಣ ಮತ್ತು ಗಾಜಿನದಾಯಿತು. ಬೇಕೆಂದೇ ಹಾಗೆ ಮಾಡಿದರೋ ಇಲ್ಲವೋ, ಅಲ್ಲಿ ನಿಂತಾಗಲೆಲ್ಲ ನನಗೆ ಆ ಹಿರಿಯ ತಾಯಿಯ ನೆನಪಾಗುತ್ತದೆ. ಮಗಳ ಧಾರೆಯ ಸಂಭ್ರಮದಲ್ಲೇ ಮನೆ ಕಳೆದುಕೊಂಡವರು ಅವರು.

ಎಂಟು ಮೂಲೆಯ ಹಜಾರ. ಮೂಲೆಮೂಲೆಯಲ್ಲಿ ಮೂರು ಮೂರು ಕಂಬಗಳ ಗೊಂಚಲು, ನವಿಲುಗೊರಳಿನ ನೀಲಿ-ಹಸಿರು ಬಣ್ಣ, ಅಲ್ಲಲ್ಲಿ ಚಿನ್ನದ ಗೆರೆ. ಈ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿದ್ದ ವಾಲ್ಟರ್ ಮ್ಯಾಕ್‌ಫರ್ಲೇನ್ ಕಂಪನಿಯ ಸ್ಯಾರಸೆನ್ ಫೌಂಡ್ರಿಯಲ್ಲಿ ಎರಕ ಹೊಯ್ದವು. ಕಾರಂಜಿ, ದೀಪದ ಕಂಬ, ಬ್ಯಾಂಡ್‌ಸ್ಟ್ಯಾಂಡ್, ಮೆಟ್ಟಿಲ ಕಟಕಟೆ ಹೀಗೆ ಏನೆಲ್ಲವನ್ನೂ ಕ್ಯಾಟಲಾಗ್ ಅಚ್ಚುಹಾಕಿಸಿ, ಆರ್ಡರ್ ಪಡೆದು, ಬಿಡಿಭಾಗವಾಗಿ ಲೋಕಕ್ಕೆಲ್ಲ ಕಳಿಸುತ್ತಿದ್ದ ಕಾರ್ಖಾನೆ ಅದು. ಭಾಗಗಳು ಹಡಗಿನಲ್ಲಿ ಬಂದು, ಇಲ್ಲಿ ಬೋಲ್ಟು ನಟ್ಟು ಹಾಕಿ ಜೋಡಿಸಿಕೊಳ್ಳಬೇಕು.

ಇಲ್ಲಿ ಆಚಾರ್ರ ಮಾತಿಗೆ ವಾಪಸ್ಸು ಬರುತ್ತೇನೆ. ಎರಕದ ಕಂಬ ಹುಟ್ಟುವುದು ಹೀಗೆ. ಮೊದಲು ಬಡಗಿ ಒಬ್ಬ ಒಳ್ಳೆಯ ಮರದಲ್ಲಿ ಕಂಬವನ್ನು ಎಲೆ ಬಳ್ಳಿ ಸಮೇತ ಕೆತ್ತುತ್ತಾನೆ. ಅದನ್ನು ಉದ್ದಕ್ಕೆ ಎರಡು ಹೋಳಾಗಿ ಮಾಡಿರುತ್ತಾರೆ. ಕರಗಿದ ಕಬ್ಬಿಣ ಆರುವಾಗ ಸುಮಾರು ನೂರಕ್ಕೆ ಒಂದು ಪಾಲು ಕುಗ್ಗುತ್ತದೆ, ಆದ್ದರಿಂದ ಮರದ ಅಚ್ಚನ್ನು ಅಷ್ಟು ದೊಡ್ಡದಾಗಿಯೇ ಮಾಡಬೇಕು. ಅದಕ್ಕೆಂದೇ ಅಚ್ಚು ಮಾಡುವವರ ಬಳಿ ಬೇರೆಯೇ ಅಳತೆಗೋಲು ಇರುತ್ತದೆ. ಆ ಹೋಳುಗಳನ್ನು ಒದ್ದೆ ಮರಳಿನ ಪೆಟ್ಟಿಗೆಯಲ್ಲಿ ಒತ್ತಿ ತೆಗೆದರೆ ಕಂಬದ ಗುರುತು ಮರಳಿನಲ್ಲಿ ಉಳಿಯುತ್ತದೆ. ಕಂಬ ಟೊಳ್ಳಾಗಬೇಕಾದ್ದರಿಂದ ನಡುವೆ ಮರಳಿನದೇ ತಿರುಳು ಇಟ್ಟು, ಎರಡು ಪೆಟ್ಟಿಗೆ ಕೂಡಿಸಿ, ಕೆಂಡದಂಥ ಕಬ್ಬಿಣ ಹೊಯ್ಯುತ್ತಾರೆ. ಆರಿದ ಮೇಲೆ ಮರಳು ಕೊಡವಿ, ಎರಡು ಹೋಳು ಸೇರಿದ ಕಡೆ ಎದ್ದ ಗೆರೆಯನ್ನು ಅರದಿಂದ ಉಜ್ಜುತ್ತಾರೆ. ಅದೇ ಅಚ್ಚಿನಿಂದ ಎಷ್ಟು ಕಂಬ ಬೇಕಾದರೂ ತೆಗೆಯಬಹುದು. ಆ ಎಲೆಗಳು ಒಂದಕ್ಕೊಂದು ತದ್ರೂಪ ಇರುವುದು ಅದಕ್ಕೇ. ಗ್ಲಾಸ್ಗೋದ ಆ ಅನಾಮಧೇಯ ಬಡಗಿಯ ಕೈಕೆಲಸ ಮೈಸೂರಿನಲ್ಲಿ ಕಬ್ಬಿಣವಾಗಿ ನಿಂತಿದೆ.

ಇಷ್ಟಾಗಿ ಕಬ್ಬಿಣ ಬೆಂಕಿಗೆ ಅಂಜದ ವಸ್ತು ಎಂಬ ಆ ಕಾಲದ ನಂಬಿಕೆ ಪೂರ್ತಿ ನಿಜವಲ್ಲ. ಮರ ಸುಮಾರು 300 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಹತ್ತಿಕೊಳ್ಳುತ್ತದೆ. ಎರಕದ ಕಬ್ಬಿಣ ಕರಗಬೇಕಾದರೆ 1,100 ಡಿಗ್ರಿ ದಾಟಬೇಕು. ಆದರೆ ಕರಗುವುದಕ್ಕೆ ಬಹಳ ಮೊದಲೇ ಅದು ಶಕ್ತಿ ಕಳೆದುಕೊಳ್ಳುತ್ತದೆ, ಕಾದ ಕಂಬದ ಮೇಲೆ ತಣ್ಣೀರು ಬಿದ್ದರೆ ಸೀಳುತ್ತದೆ. ಅದು ಮೇಲಿನ ಭಾರವನ್ನು ಚೆನ್ನಾಗಿ ಹೊರುತ್ತದೆ, ಎಳೆತಕ್ಕೆ ಬಗ್ಗುವುದಿಲ್ಲ, ಮುರಿಯುತ್ತದೆ. ಹಾಗಾಗಿ ಅದನ್ನು ಕಂಬವಾಗಿ ಬಳಸುವುದು ಸರಿ, ತೊಲೆಯಾಗಿ ಬಳಸುವುದು ಅಪಾಯ. ಕಲ್ಯಾಣ ಮಂಟಪದಲ್ಲಿ ಅದು ಕಂಬವಾಗಿದೆ. ಇನ್ನೊಂದು ಮಾತೂ ಉಂಟು. ತೆಳು ಕಂಬಗಳ ಮೇಲೆ ಇಷ್ಟು ಎತ್ತರದ ತೆರೆದ ಹಜಾರ ಎತ್ತುವುದು ಮರದಲ್ಲಿ ಆಗುತ್ತಿರಲಿಲ್ಲ. ಹತ್ತಡಿ ಎತ್ತರದ ನಸುಗತ್ತಲ ಹಳೆಯ ಕೋಣೆಯಿಂದ ಬಂದವರು ಇಲ್ಲಿ ಕತ್ತೆತ್ತಿ ನೋಡಿದಾಗ ಏನನ್ನಿಸಿರಬಹುದು!

ಮೇಲೆ ಕಾಣುವುದು ಬಣ್ಣದ ಗಾಜಿನ ಸೂರು: ನವಿಲು, ಹೂವು, ಮಂಡಲ. ಈ ವಿನ್ಯಾಸ ಬರೆದವರು ಮೈಸೂರಿನ ಕಲಾವಿದರು, ಮಾಡಿಕೊಟ್ಟದ್ದು ಗ್ಲಾಸ್ಗೋ. ನವಿಲು ಹೋಗಿ ನವಿಲಾಗಿಯೇ ಬಂತು. ಬಣ್ಣದ ಗಾಜಿನ ಚೂರುಗಳನ್ನು ಸೀಸದ ತೆಳು ಪಟ್ಟಿಗಳ ಎರಡು ಬದಿಯ ತೋಡಿನಲ್ಲಿ ಸಿಕ್ಕಿಸಿ, ಪಟ್ಟಿ ಸೇರುವ ಕಡೆ ಬೆಸುಗೆ ಹಾಕುವುದು ಇದರ ಕ್ರಮ. ಸೀಸ ಮೆತ್ತಗಿನ ಲೋಹ. ಬಿಸಿಲಿಗೆ ಹಿಗ್ಗಿ, ರಾತ್ರಿಗೆ ಕುಗ್ಗಿ, ಸ್ವಂತ ಭಾರಕ್ಕೆ ವರ್ಷಗಳು ಕಳೆದಂತೆ ನಿಧಾನವಾಗಿ ಜೋಲುತ್ತದೆ. ಗೋಡೆಯ ಕಿಟಕಿಯಲ್ಲಿ ನಿಲ್ಲಿಸಿದ ಗಾಜಿಗಿಂತ ಸೂರಿನಲ್ಲಿ ಮಲಗಿಸಿದ ಗಾಜಿಗೆ ಈ ಕಷ್ಟ ಹೆಚ್ಚು.

ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಒಮ್ಮೆ ಅಲ್ಲಿ ನಿಂತು ನೋಡಿ. ನೆಲದ ಟೈಲ್ಸಿನಲ್ಲೂ ನವಿಲಿದೆ, ಇಂಗ್ಲೆಂಡಿನಿಂದ ಬಂದ ಟೈಲ್ಸು. ಮೇಲಿನ ಗಾಜಿನಿಂದ ಇಳಿದ ಬಣ್ಣ ಅದರ ಮೇಲೆ ಬೀಳುತ್ತದೆ. ಮೋಡ ಬಂದರೆ ಆರುತ್ತದೆ, ಬಿಸಿಲು ಬಂದರೆ ಹೊತ್ತುತ್ತದೆ. ಸೂರಿನ ನಡುವಿನಿಂದ ಇಳಿಬಿದ್ದ ದೊಡ್ಡ ತೂಗುದೀಪ ಹಗಲು ಸುಮ್ಮನೆ ಇರುತ್ತದೆ. ಸುತ್ತ ಗೋಡೆಯಲ್ಲಿ 26 ಚಿತ್ರಗಳು, ದಸರಾ ಮೆರವಣಿಗೆಯವು. ಫೋಟೋಗಳನ್ನು ಆಧಾರವಾಗಿಟ್ಟುಕೊಂಡು ಮೈಸೂರಿನ ಕಲಾವಿದರೇ 1934ರಿಂದ 1945ರವರೆಗೆ ಬರೆದದ್ದು. ಜನ ಓಡೋಡುತ್ತಾ ನೋಡಿ ಹೋಗುತ್ತಾರೆ. ಆ ಚಿತ್ರಗಳ ಮುಂದೆ ಮಾತ್ರ ಅರ್ಧ ಗಂಟೆ ಕಳೆಯಿರಿ, ಬ್ಯಾಂಡಿನವರ ಪೇಟ, ಕುದುರೆಯ ಜೂಲು, ಮಹಡಿ ಮೇಲೆ ನಿಂತು ನೋಡುವ ಜನರ ಮುಖ ಒಂದೊಂದೂ ಬೇರೆಬೇರೆ.

ಮರ ವಾಪಸ್ಸು ಬರುವ ಕೋಣೆ

ಮಹಡಿ ಹತ್ತಿ ಅಂಬಾವಿಲಾಸಕ್ಕೆ ಬಂದರೆ ಮರ ಮತ್ತೆ ಸಿಗುತ್ತದೆ. ಅರಸರ ಖಾಸಗಿ ದರ್ಬಾರು ನಡೆಯುತ್ತಿದ್ದ ಹಜಾರ ಇದು. ಚಿನ್ನದ ಲೇಪದ ಕಂಬಗಳು, ನಡುಭಾಗಕ್ಕೆ ಗಾಜಿನ ಸೂರು, ಪಕ್ಕದ ಭಾಗಗಳಲ್ಲಿ ಕೆತ್ತಿದ ತೇಗದ ಸೂರು. ಹಳೆಯ ಅಂಬಾವಿಲಾಸದಲ್ಲಿ ತೊಲೆ ಜಂತೆಗಳೇ ಮನೆಯನ್ನು ಹೊತ್ತಿದ್ದವು. ಇಲ್ಲಿ ತೇಗ ಯಾವ ಭಾರವನ್ನೂ ಹೊತ್ತಿಲ್ಲ, ಮೇಲಿನ ಕಟ್ಟಡಕ್ಕೆ ಅಂಟಿಕೊಂಡು ಕೆಳಗಿನವರ ಕಣ್ಣಿಗಾಗಿ ನಿಂತಿದೆ. ಎಲುಬಾಗಿದ್ದದ್ದು ಒಡವೆಯಾಯಿತು. ಇದನ್ನು ಕಳೆದುಕೊಂಡದ್ದು ಅನ್ನಬೇಕೋ ಪಡೆದದ್ದು ಅನ್ನಬೇಕೋ ಎಂದು ನಾನು ಬಹಳ ದಿನ ಯೋಚಿಸಿದ್ದೇನೆ. ಭಾರ ಹೊರುವ ತೊಲೆಯನ್ನು ಬಡಗಿ ಆಳವಾಗಿ ಕೆತ್ತಲಾರ. ಕೆತ್ತಿದಷ್ಟೂ ತೊಲೆ ಸೊರಗುತ್ತದೆ. ಭಾರ ಇಳಿದ ಮೇಲೆ ಉಳಿ ಎಷ್ಟು ಬೇಕಾದರೂ ಒಳಗೆ ಹೋಗಬಹುದು. ಮೈಸೂರಿನ ಕೆತ್ತನೆಯವರಿಗೆ ಆ ಸ್ವಾತಂತ್ರ್ಯ ಈ ಸೂರಿನಲ್ಲಿ ಸಿಕ್ಕಿತು. ಅದರ ಫಲ ಕಣ್ಣೆದುರಿಗಿದೆ.

ಇದೇ ಹಜಾರದಲ್ಲಿ ಗಣಪತಿಯ ಗುಡಿಗೆ ತೆರೆಯುವ ಬೀಟೆಯ ಬಾಗಿಲು ಇದೆ, ಮೈಮೇಲೆ ದಂತದ ಇನ್‌ಲೇ ಕೆಲಸ. ಆಚಾರ್ರು ಇಡೀ ಅರಮನೆಯಲ್ಲಿ ಕೈಮುಗಿದದ್ದು ಇಲ್ಲಿ, ಗಣಪತಿಗೋ ಬಾಗಿಲಿಗೋ ನಾನು ಕೇಳಲಿಲ್ಲ.

ಬೀಟೆ ಕಪ್ಪುಮಿಶ್ರಿತ ಕಂದು ಮರ. ಎಣ್ಣೆಯಂಶ ಇರುವ, ಗಟ್ಟಿ, ನಿಧಾನ ಬೆಳೆಯುವ ಮರ. ದಂತದ ಬಿಳುಪು ಎದ್ದು ಕಾಣಲು ಇದಕ್ಕಿಂತ ಒಳ್ಳೆಯ ನೆಲ ಇಲ್ಲ. ಕೆಲಸದ ಕ್ರಮ ಹೇಳುತ್ತೇನೆ. ಮೊದಲು ದಂತದ ತೆಳು ಹಾಳೆಯಿಂದ ಬೇಕಾದ ಆಕಾರವನ್ನು ಸಣ್ಣ ಗರಗಸದಲ್ಲಿ ಕತ್ತರಿಸಿಕೊಳ್ಳುತ್ತಾರೆ: ದಳ, ಎಲೆ, ಹಕ್ಕಿಯ ರೆಕ್ಕೆ. ಅದನ್ನು ಬೀಟೆಯ ಮೇಲಿಟ್ಟು ಚೂಪು ಮೊಳೆಯಿಂದ ಸುತ್ತ ಗೆರೆ ಎಳೆಯುತ್ತಾರೆ. ಆ ಗೆರೆಯೊಳಗೆ ಹಾಳೆಯ ದಪ್ಪದಷ್ಟೇ ಆಳಕ್ಕೆ ಮರವನ್ನು ಉಳಿಯಲ್ಲಿ ತೆಗೆಯಬೇಕು. ಕೂದಲಷ್ಟು ಹೆಚ್ಚು ತೆಗೆದರೆ ಸಂದು ಕಾಣುತ್ತದೆ, ಕಡಿಮೆ ತೆಗೆದರೆ ಚೂರು ಕೂರುವುದಿಲ್ಲ. ಅಂಟು ಹಾಕಿ ಕೂರಿಸಿ, ಒಣಗಿದ ಮೇಲೆ ಎರಡೂ ಒಂದೇ ಮಟ್ಟಕ್ಕೆ ಬರುವಂತೆ ಉಜ್ಜುತ್ತಾರೆ. ಕೊನೆಗೆ ದಂತದ ಮೇಲೆ ಸೂಜಿಮೊನೆಯಿಂದ ನರ, ಪುಕ್ಕ, ಕಣ್ಣು ಗೀರಿ, ಆ ಗೀರಿನೊಳಗೆ ಕಪ್ಪು ಅರಗನ್ನು ತುಂಬುತ್ತಾರೆ. ಕಣ್ಣೆವೆ ಇಕ್ಕುವಷ್ಟರಲ್ಲಿ ಬಿಳಿ ಚೂರು ಹಕ್ಕಿಯಾಗುತ್ತದೆ.

ಈಗ ತಲೆ ತಗ್ಗಿಸಿ ನೆಲ ನೋಡಿದರೆ ಅಲ್ಲೂ ಇದೇ ವಿದ್ಯೆ, ಬೇರೆ ವಸ್ತುವಿನಲ್ಲಿ. ಅಮೃತಶಿಲೆಯಲ್ಲಿ ಗುಳಿ ತೋಡಿ ಬಣ್ಣಬಣ್ಣದ ಕಲ್ಲಿನ ಚೂರು ಕೂರಿಸುವ ಕೆಲಸ, ಆಗ್ರಾದ ಕುಶಲಕರ್ಮಿಗಳದು. ತಾಜಮಹಲಿನಲ್ಲಿ ನೋಡಿರುತ್ತೀರಿ. ಬಾಗಿಲಲ್ಲಿ ಬೀಟೆ ಮತ್ತು ದಂತ, ನೆಲದಲ್ಲಿ ಕಲ್ಲು ಮತ್ತು ಕಲ್ಲು. ಉತ್ತರದ ಕೈ, ಮೈಸೂರಿನ ಕೈ ಎರಡೂ ಒಂದೇ ಕೋಣೆಯಲ್ಲಿ ಒಂದೇ ಸಮಸ್ಯೆಯನ್ನು ಬಿಡಿಸಿವೆ. ಇಂಡೋ-ಸಾರಸೆನಿಕ್ ಎಂಬ ದೊಡ್ಡ ಹೆಸರಿನಡಿ ಈ ಕಟ್ಟಡದ ಹೊರಗೋಡೆಯ ಕಮಾನು, ಮಿನಾರು, ಗುಮ್ಮಟಗಳ ಬೆರಕೆಯನ್ನು ಎಷ್ಟೋ ಜನ ವರ್ಣಿಸಿದ್ದಾರೆ. ನನಗೆ ಆ ಬೆರಕೆ ಹೊರಗಡೆ ಅಷ್ಟು ಹಿಡಿಸುವುದಿಲ್ಲ. ಅಲ್ಲಿ ಅದು ಒಬ್ಬ ವಾಸ್ತುಶಿಲ್ಪಿಯ ಕಾಗದದ ಮೇಲೆ ಆದದ್ದು. ಅಂಬಾವಿಲಾಸದ ಒಳಗೆ ಅದು ಕೈಗಳ ನಡುವೆ ಆದದ್ದು, ಇದನ್ನು ಮನಸಾರೆ ಮೆಚ್ಚುತ್ತೇನೆ.

ಬೆಳ್ಳಿಯ ಬಾಗಿಲೂ ಇದೇ ಹಜಾರದ್ದು. ಹಳೆಯ ಅರಮನೆಯಿಂದ ಉಳಿದು ಬಂದದ್ದು ಎನ್ನುತ್ತಾರೆ. ಮರದ ಚೌಕಟ್ಟಿನ ಮೇಲೆ ಬೆಳ್ಳಿಯ ತಗಡು ಹೊದಿಸಿ ಉಬ್ಬುಕೆಲಸ ಮಾಡುವುದು ನಮ್ಮ ದೇವಸ್ಥಾನಗಳಲ್ಲಿ ಇಂದಿಗೂ ನಡೆಯುವ ಪದ್ಧತಿ. ಅರಮನೆಯ ದೊಡ್ಡ ವಸ್ತುಗಳಲ್ಲಿ ಈ ಪದ್ಧತಿ ಮತ್ತೆಮತ್ತೆ ಬರುತ್ತದೆ. ದಸರೆಯ ಚಿನ್ನದ ಅಂಬಾರಿ ಸುಮಾರು 750 ಕೆಜಿ ತೂಗುತ್ತದೆ ಎಂದು ಎಲ್ಲರಿಗೂ ಗೊತ್ತು. ಅದರ ಒಳಗಿರುವುದು ಮರದ ಮಂಟಪ, ಮೇಲಿರುವುದು ಚಿನ್ನದ ತಗಡು. ಆನೆ ಹೆಜ್ಜೆ ಹಾಕುವಾಗ ಅಂಬಾರಿ ಎಡಕ್ಕೂ ಬಲಕ್ಕೂ ವಾಲುತ್ತದೆ, ಆ ವಾಲಾಟವನ್ನು ತಾಳಿಕೊಳ್ಳುವುದು ಒಳಗಿನ ಮರ. ಸಿಂಹಾಸನವನ್ನೂ ವರ್ಷಪೂರ್ತಿ ಜೋಡಿಸಿ ಇಡುವುದಿಲ್ಲ. ನವರಾತ್ರಿಗೆ ಬಿಡಿಭಾಗಗಳನ್ನು ತಂದು ಕೂಡಿಸುತ್ತಾರೆ, ಮುಗಿದ ಮೇಲೆ ಬಿಚ್ಚಿ ಇಡುತ್ತಾರೆ. ಬಿಚ್ಚಿ ಕೂಡಿಸುವ ಪೀಠೋಪಕರಣ ನಮಗೆ ಹೊಸದೇನಲ್ಲ, ಹಸೆಮಣೆ, ಮಂಟಪ, ತೊಟ್ಟಿಲು ಎಲ್ಲವೂ ಹಾಗೆಯೇ.

ದರ್ಬಾರ್ ಹಾಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 155 ಅಡಿ ಉದ್ದ, 42 ಅಡಿ ಅಗಲ, ಸಾಲು ಕಂಬ, ಮುಂದೆ ತೆರೆದ ಬಯಲು. ಹಳೆಯ ಸಜ್ಜೆಯ ನಾಲ್ಕು ಮರದ ಕಂಬಗಳು ಮಾಡುತ್ತಿದ್ದ ಕೆಲಸವನ್ನೇ ಅಷ್ಟು ದೊಡ್ಡ ಪ್ರಮಾಣದಲ್ಲಿ ಇದು ಮಾಡುತ್ತದೆ. ಗೋಡೆಯಲ್ಲಿ ರಾಜಾ ರವಿವರ್ಮರ ಚಿತ್ರಗಳಿವೆ. ಕೆಳಗೆ ಗೊಂಬೆ ತೊಟ್ಟಿಯೂ ಸನ್ಮಾನಪತ್ರ ಇಟ್ಟುಕೊಡುತ್ತಿದ್ದ ಕುಸುರಿ ಪೆಟ್ಟಿಗೆಗಳ ಕೋಣೆಯೂ ಇವೆ. ಆ ಪೆಟ್ಟಿಗೆಗಳನ್ನು ಯಾರೂ ನಿಂತು ನೋಡುವುದಿಲ್ಲ. ಗಂಧ, ದಂತ, ಬೆಳ್ಳಿಯಲ್ಲಿ ಮೈಸೂರಿನ ಕೈ ಎಷ್ಟು ಸೂಕ್ಷ್ಮವಾಗಿತ್ತು ಎಂದು ತಿಳಿಯಬೇಕಾದವರು ಅಲ್ಲಿ ನಿಲ್ಲಬೇಕು.

ಹಳೆಯ ಅರಮನೆಯ ಮರದ ಮಾದರಿಯೊಂದನ್ನೂ ಒಳಗೆ ಇಟ್ಟಿದ್ದಾರೆ. ಸುಟ್ಟ ಮನೆ ಗೇಣುದ್ದದ ಕಂಬಗಳಲ್ಲಿ ಉಳಿದಿದೆ.

ಮದುಮಗಳ ಮನೆ

ಜಯಲಕ್ಷ್ಮಮ್ಮಣ್ಣಿಯವರು ಏನಾದರು? 1905ರಲ್ಲಿ ಅವರಿಗಾಗಿ ಬೇರೆ ಬಂಗಲೆ ಎದ್ದಿತು, ಊರಿನ ಪಶ್ಚಿಮಕ್ಕೆ. ಅದೇ ಜಯಲಕ್ಷ್ಮಿ ವಿಲಾಸ. ಇವತ್ತು ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಆವರಣದಲ್ಲಿದೆ, ಜಾನಪದ ವಸ್ತುಸಂಗ್ರಹಾಲಯ ಅಲ್ಲೇ ಇದೆ. ಗಂಡ ಕಾಂತರಾಜೇ ಅರಸರು ಮುಂದೆ ಮೈಸೂರಿನ ದಿವಾನರಾದರು. ಅಲ್ಲೂ ಜೋಡಿ ಕಂಬಗಳ ಮುಂಭಾಗ, ಕಲ್ಯಾಣ ಮಂಟಪ, ಬಣ್ಣದ ಗಾಜು, ಕೆತ್ತಿದ ಮರದ ಬಾಗಿಲುಗಳು. ಅಲ್ಲಿನ ಕೋಣೆಗಳ ಪೀಠೋಪಕರಣ ಹೋಗಿ ಅವುಗಳ ಜಾಗದಲ್ಲಿ ಬೀಸುವ ಕಲ್ಲು, ಸೋಮನ ಮುಖ, ತೊಗಲು ಗೊಂಬೆ, ನೇಗಿಲು ಬಂದು ಕೂತಿವೆ. ಅರಸುಮಗಳ ಮಂಟಪದಲ್ಲಿ ಹಳ್ಳಿಯ ಮರ! ಇದನ್ನು ನೋಡಿದಾಗ ನನಗೆ ಸಂತೋಷವೇ ಆಗುತ್ತದೆ. ಆದರೆ ಆ ಕಟ್ಟಡದ ದುರಸ್ತಿಯ ಕಥೆ ದೊಡ್ಡದು, ಇನ್ನೊಮ್ಮೆ ಬರೆಯುವಂಥದ್ದು.

ಇವತ್ತಿನ ಕಷ್ಟಗಳು

ಅರಮನೆ ಏಳುತ್ತಿದ್ದ ಹದಿನೈದು ವರ್ಷಗಳ ನಡುವೆಯೇ ಮೈಸೂರು ಬದಲಾಯಿತು. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿತು, 1908ರಲ್ಲಿ ಮೈಸೂರಿಗೆ ಬಂತು. ಎಣ್ಣೆ ದೀಪದ ಕಾಲದಲ್ಲಿ ಶುರುವಾದ ಮನೆ ವಿದ್ಯುತ್ ದೀಪದ ಕಾಲದಲ್ಲಿ ಮುಗಿಯಿತು. ಈಗ ಹೊರಮೈಯಲ್ಲೇ ಸುಮಾರು ಒಂದು ಲಕ್ಷ ಬಲ್ಬು ಉರಿಯುತ್ತವೆ. ದೀಪದ ಬತ್ತಿಯಿಂದ ಇದ್ದ ಭಯ ತಂತಿಗೆ ವರ್ಗವಾಯಿತು. ಹಳೆಯ ಕಟ್ಟಡಗಳಲ್ಲಿ ಇವತ್ತು ಬೆಂಕಿಗೆ ಸಾಮಾನ್ಯ ಕಾರಣ ಸವೆದ ವೈರಿಂಗೇ. ಅಂಬಾವಿಲಾಸದ ತೇಗದ ಸೂರನ್ನು ನೋಡುವಾಗಲೆಲ್ಲ ನನ್ನ ಕಣ್ಣು ಮೊದಲು ಹುಡುಕುವುದು ಅದರ ಬದಿಯಲ್ಲಿ ಓಡುವ ತಂತಿಗಳನ್ನು.

ಎರಡನೆಯದು ಬಿಡಿಭಾಗದ ಕಷ್ಟ. ಮ್ಯಾಕ್‌ಫರ್ಲೇನ್ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು. ಕ್ಯಾಟಲಾಗ್ ನೋಡಿ ತರಿಸಿದ ಭಾಗ ಮುರಿದರೆ ಆ ಕ್ಯಾಟಲಾಗಿನಿಂದ ಇನ್ನೊಂದು ಬರುವುದಿಲ್ಲ. ಮತ್ತೆ ಮರದಲ್ಲಿ ಅಚ್ಚು ಕೆತ್ತಿ, ಮರಳಿನಲ್ಲಿ ಒತ್ತಿ, ಹೊಸದಾಗಿ ಎರಕ ಹೊಯ್ಯಬೇಕು. ಆಗ ಬೇಕಾಗುವುದು ಒಬ್ಬ ಬಡಗಿ. ದಂತದ ಚೂರು ಉದುರಿದರೆ ಇನ್ನೂ ಕಷ್ಟ. 1972ರ ವನ್ಯಜೀವಿ ಕಾಯ್ದೆ ಮತ್ತು ಆಮೇಲಿನ ತಿದ್ದುಪಡಿಗಳ ನಂತರ ಹೊಸ ದಂತದ ವ್ಯಾಪಾರ ನಿಂತಿದೆ, ನಿಲ್ಲಬೇಕಾದ್ದೇ. ಮೈಸೂರಿನ ಇನ್‌ಲೇ ಕೆಲಸದವರು ಈಗ ಬಿಳಿಯ ಮರ, ಪ್ಲಾಸ್ಟಿಕ್ ಕೂರಿಸುತ್ತಾರೆ. ಪ್ಲಾಸ್ಟಿಕ್ ಹಳದಿಗಟ್ಟುವ ರೀತಿ ಬೇರೆ, ದಂತ ಮಾಗುವ ರೀತಿ ಬೇರೆ. ಉದುರಿದ ಜಾಗವನ್ನು ಹಾಗೇ ಬಿಡುವುದೋ, ಬೇರೆ ವಸ್ತು ತುಂಬುವುದೋ? ನನ್ನ ಅಭಿಪ್ರಾಯ ಕೇಳಿದರೆ ಹಾಗೇ ಬಿಡಬೇಕು. ಖಾಲಿ ಗುಳಿಯನ್ನು ನೋಡಿದವರಿಗಾದರೂ ಆ ಕೆಲಸ ಹೇಗೆ ಆಗಿತ್ತು ಎಂದು ತಿಳಿಯುತ್ತದೆ.

ಮೂರನೆಯದು ನಮ್ಮ ಕಾಲುಗಳು. ಚಪ್ಪಲಿ ಹೊರಗೆ ಬಿಡಿಸುವುದು ಬರೀ ಮರ್ಯಾದೆಗಲ್ಲ, ಅಟ್ಟೆಗೆ ಅಂಟಿ ಬರುವ ಮರಳಿನ ಕಣ ಟೈಲ್ಸಿಗೂ ಅಮೃತಶಿಲೆಗೂ ಉಪ್ಪುಕಾಗದವಿದ್ದಂತೆ. ಬರಿಗಾಲಿನ ಬೆವರು ಕೂಡ ಕಲ್ಲಿಗೆ ಇಳಿಯುತ್ತದೆ, ಆದರೆ ಅದು ತೊಳೆದರೆ ಹೋಗುವ ಕೊಳೆ.

2016ರ ಜೂನ್ 27ರಂದು ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರು ಡೂಂಗರ್‌ಪುರದ ತ್ರಿಷಿಕಾ ಕುಮಾರಿಯವರನ್ನು ಇದೇ ಕಲ್ಯಾಣ ಮಂಟಪದಲ್ಲಿ ಕೈಹಿಡಿದರು. ಸುಮಾರು ನಾಲ್ಕು ದಶಕಗಳ ನಂತರ ಅರಮನೆಯಲ್ಲಿ ನಡೆದ ಅರಸುಮಕ್ಕಳ ಮದುವೆ. ಟಿವಿಯಲ್ಲಿ ಬರುತ್ತಿತ್ತು. ಆಚಾರ್ರ ಮನೆಯಲ್ಲಿ ಕೂತು ನೋಡಿದೆವು. ಎಲ್ಲರೂ ಒಡವೆ, ಸೀರೆ ಅನ್ನುತ್ತಿದ್ದರು. ಮದುವೆಯೆಂದ ಮೇಲೆ ಅಗ್ನಿಸಾಕ್ಷಿ. ನವಿಲಿನ ಗಾಜಿನ ಕೆಳಗೆ, ಎರಕದ ಕಂಬಗಳ ನಡುವೆ.

"ಹೊಗೆ ಮೇಲೆ ಹೋಗಕ್ಕೆ ಜಾಗ ಎಲ್ಲಿ ಬಿಟ್ಟವ್ರೆ ಅಲ್ಲಿ?" ಅಂತ ಆಚಾರ್ರು ಕೇಳಿದರು. ನನಗೆ ಗೊತ್ತಿರಲಿಲ್ಲ. ಮುಂದಿನ ಭಾನುವಾರ ಇಬ್ಬರೂ ಹೋಗಿ, ಹಗ್ಗದ ಪಕ್ಕ ನಿಂತು, ಕತ್ತು ನೋಯುವವರೆಗೆ ಸೂರು ನೋಡಿದೆವು.